ಬೀಸುಕಲ್ಲಿನ ಹಿಂದಿನ ದನಿ

ಅತ್ತೆ ತೀರಿಕೊಂಡ ಮೂರನೇ ತಿಂಗಳಲ್ಲಿ ನಾನು ಮೊದಲ ಇಯರ್‌ಫೋನ್ ಕೊಂಡೆ. ಅತ್ತೆ ಎಂದರೆ ಗಂಡನ ತಾಯಿಯಲ್ಲ, ನನ್ನ ಅಪ್ಪನ ಅಕ್ಕ. ನನಗೆ ಎರಡು ವರ್ಷ ತುಂಬುವ ಹೊತ್ತಿಗೆ ಅವ್ವ ತೀರಿಹೋಗಿದ್ದಳು. ಮದುವೆಯಾದ ನಾಲ್ಕೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದ ಅತ್ತೆ ಮಣ್ಣೂರಿನ ಮನೆಯಲ್ಲಿ ನನ್ನನ್ನೂ ಅಣ್ಣನನ್ನೂ ಬೆಳೆಸಿದಳು. ಈಗ ನಾನು ಜೇವರ್ಗಿಯಲ್ಲಿದ್ದೇನೆ. ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಗಂಡ ಕಿಣ್ಣಿ ಸುಲ್ತಾನ ಎಂಬ ಊರಿನವರು, ಜೇವರ್ಗಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದಾರೆ.

ಹಾಡು ಕೇಳುವ ಹುಚ್ಚು ನನಗೆ ಎಂದೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ ಒಂದು ರೆಕಾರ್ಡಿಂಗ್ ಕೇಳುವುದಕ್ಕೆ ಒಂದು ಸಾಧನ. ಅತ್ತೆ ಸಾಯುವ ಹಿಂದಿನ ವರ್ಷ, ಒಂದು ಅಮಾವಾಸ್ಯೆಯ ದಿನ, ಅಣ್ಣನ ಮನೆಯವರೆಲ್ಲ ಘತ್ತರಗಿಗೆ ಭಾಗ್ಯವಂತಿಯ ದರ್ಶನಕ್ಕೆ ಹೋಗಿದ್ದರು. ಮನೆಯಲ್ಲಿ ಉಳಿದವರು ನಾನು, ಅತ್ತೆ ಇಬ್ಬರೇ. ನಾನು ಪರೀಕ್ಷೆಯ ಪೇಪರುಗಳ ಕಟ್ಟನ್ನು ತಿದ್ದಲು ಒಯ್ದಿದ್ದೆ. ಮಧ್ಯಾಹ್ನ ಅತ್ತೆ ಎಂದಿನಂತೆ ಅಂಗಳದ ಬೀಸುಕಲ್ಲಿನ ಮುಂದೆ ಕೂತಳು. ಮನೆಗೆ ಗಿರಣಿಯ ಹಿಟ್ಟು ಬರಲು ಶುರುವಾಗಿ ಎಷ್ಟೋ ವರ್ಷಗಳಾಗಿದ್ದವು. ಆದರೂ ಅವಳು ದಿನಾ ಒಂದು ಹಿಡಿ ಜೋಳವನ್ನೋ ತೊಗರಿಯನ್ನೋ ಹಾಕಿಕೊಂಡು ಬೀಸುತ್ತಿದ್ದಳು. ಮುದುಕಿಯ ಚಟ ಎಂದು ಮನೆಯಲ್ಲಿ ಎಲ್ಲರೂ ಬಿಟ್ಟುಬಿಟ್ಟಿದ್ದರು. ಅವತ್ತು ನನಗೆ ಏನನ್ನಿಸಿತೋ, ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ಕಲ್ಲಿನ ಹಿಂದಿದ್ದ ಗೋಡೆಯ ಗೂಡಿನಲ್ಲಿಟ್ಟು, ನಾನು ಅಂಗಳದ ಈಚೆ ಕಟ್ಟೆಯ ಮೇಲೆ ಪೇಪರು ತಿದ್ದುತ್ತ ಕೂತೆ. ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ ಹಾಡಿದಳು. ಆಮೇಲೆ ಆ ರೆಕಾರ್ಡಿಂಗನ್ನು ನಾನು ಮರೆತೇಬಿಟ್ಟಿದ್ದೆ. ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಒಂದು ದಿನ ಫೋನಿನಲ್ಲಿ ಬೇರೇನೋ ಹುಡುಕುವಾಗ ಸಿಕ್ಕಿತು.

ಫೋನಿನ ಸ್ಪೀಕರಿನಲ್ಲಿ ಅದು ಡಬ್ಬಿಯೊಳಗೆ ಸಿಕ್ಕಿಬಿದ್ದ ದುಂಬಿಯ ಸದ್ದಿನಂತೆ ಕೇಳುತ್ತಿತ್ತು. ಮನೆಯಲ್ಲಿ ಟಿವಿ, ಬಸ್ಸಿನಲ್ಲಿ ಜನ. ಹೀಗಾಗಿ ಜೇವರ್ಗಿ ಬಸ್‌ಸ್ಟ್ಯಾಂಡಿನ ಹೊರಗೆ ಮೊಬೈಲ್ ಕವರು ತೂಗುಹಾಕಿದ ಗಾಡಿಯೊಂದರಲ್ಲಿ ಕಣ್ಣಿಗೆ ಬಿದ್ದ ಇಯರ್‌ಫೋನ್ ತೆಗೆದುಕೊಂಡೆ. ಶಾವಿಗೆಯಂತಹ ತೆಳ್ಳನೆಯ ವೈರು. ಕಿವಿಯೊಳಗೆ ಕೂರುವ ರಬ್ಬರು ಎರಡನೇ ದಿನವೇ ಕಳಚಿ ಕಿವಿಯಲ್ಲೇ ಉಳಿಯಿತು, ಹೇರ್‌ಪಿನ್ನಿನಿಂದ ತೆಗೆದೆ. ಅದರಲ್ಲಿ ಬೀಸುಕಲ್ಲು ಗುಡುಗಿನಂತೆ ಉರುಳುತ್ತಿತ್ತು, ಅತ್ತೆಯ ದನಿ ಆ ಗುಡುಗಿನ ಕೆಳಗೆ ಎಲ್ಲೋ ಇತ್ತು. ಮೂರು ವಾರಕ್ಕೆ ಬಲಗಡೆಯದು ಸತ್ತಿತು. ಫೋನಿಗೆ ಚುಚ್ಚುವ ಪಿನ್ನನ್ನು ಒಂದು ಕೋನದಲ್ಲಿ ಬಗ್ಗಿಸಿ ಹಿಡಿದರೆ ಮಾತ್ರ ಮತ್ತೆ ಜೀವ ಬರುತ್ತಿತ್ತು. ಬಸ್ಸಿನ ಉದ್ದಕ್ಕೂ ಹಾಗೇ ಹಿಡಿದುಕೊಂಡು ಕೂರುತ್ತಿದ್ದೆ.

ಒಂದು ದಿನ ಸ್ಟಾಫ್‌ರೂಮಿನಲ್ಲೂ ಹಾಗೇ ಹಿಡಿದು ಕೂತಿದ್ದನ್ನು ನಮ್ಮ ಗಣಿತದ ಸರ್ ನೋಡಿದರು. ಅವರು ಅಫಜಲಪುರದವರು, ನನಗಿಂತ ಚಿಕ್ಕವರು, ಮಾತು ಕಡಿಮೆ. ಇಯರ್‌ಫೋನುಗಳ ವಿಷಯದಲ್ಲಿ ಮಾತ್ರ ಅವರಿಗೆ ವಿಚಿತ್ರ ಪ್ರೀತಿಯಿತ್ತು, ಅದು ನನಗೆ ಅವತ್ತೇ ಗೊತ್ತಾಯಿತು. ಮರುದಿನ ಒಂದು ಚೀಲ ತಂದರು. ಅದರಲ್ಲಿ ಹುಡುಗರ ಹಳೆಯ ಕಂಪಾಸ್ ಪೆಟ್ಟಿಗೆಗಳು, ಒಂದೊಂದರೊಳಗೆ ಒಂದೊಂದು ಇಯರ್‌ಫೋನ್ ಸುತ್ತಿಟ್ಟಿದ್ದರು.

“ಒಂದೊಂದು ವಾರ ಒಂದೊಂದು ಇಟ್ಕೋರಿ ಮೇಡಂ,” ಎಂದರು. “ಒಂದೇ ಹಾಡು ಎಲ್ಲಾದ್ರಾಗೂ ಕೇಳ್ರಿ. ಹಾಡು ಬದಲ್ ಮಾಡಬ್ಯಾಡ್ರಿ. ಅಂದ್ರನ ಫರಕ್ ತಿಳೀತದ.”

ಒಂದೇ ಹಾಡು ಕೇಳುವುದು ನನಗೇನೂ ಕಷ್ಟವಿರಲಿಲ್ಲ. ಹೇಗೆ ಕೇಳಬೇಕು ಎಂಬುದನ್ನೂ ಅವರೇ ಹೇಳಿಕೊಟ್ಟರು. ರಬ್ಬರು ಕಿವಿಗೆ ಗಟ್ಟಿಯಾಗಿ ಕೂತಿರಬೇಕು, ಇಲ್ಲದಿದ್ದರೆ ಬೇಸ್, ಅಂದರೆ ತಗ್ಗಿನ ಸದ್ದು, ಎಲ್ಲ ಸೋರಿಹೋಗುತ್ತದೆ. ಜೋರಾಗಿ ಕೇಳುವುದೆಲ್ಲ ಒಳ್ಳೆಯ ಸದ್ದಲ್ಲ, ಒಂದನ್ನು ಇನ್ನೊಂದಕ್ಕೆ ಹೋಲಿಸುವಾಗ ಎರಡರ ಸದ್ದೂ ಒಂದೇ ಮಟ್ಟದಲ್ಲಿರಬೇಕು. ಮನುಷ್ಯರ ದನಿಯಲ್ಲಿ ‘ಸ’, ‘ಶ’, ‘ಚ’ ಬರುವ ಕಡೆ ಕಿವಿಗೊಡಬೇಕು. ಅವು ಸೂಜಿಯಂತೆ ಚುಚ್ಚಿದರೆ ಟ್ರೆಬಲ್, ಅಂದರೆ ಮೇಲಿನ ಸದ್ದು, ಹೆಚ್ಚು, ಮಬ್ಬಾದರೆ ಕಡಿಮೆ. ನಾನು ಪಾಠ ಟಿಪ್ಪಣಿಯ ಪುಸ್ತಕವನ್ನು ಹಿಂದಿನಿಂದ ತಿರುಗಿಸಿ ಬರೆದುಕೊಳ್ಳತೊಡಗಿದೆ.

ಮೊದಲ ವಾರದ್ದು ಕರಿ ಪ್ಲಾಸ್ಟಿಕ್ಕಿನದು. ವೈರು ರಿಬ್ಬನ್ನಿನಂತೆ ಚಪ್ಪಟೆ, ಗಂಟು ಬೀಳುತ್ತಿರಲಿಲ್ಲ. ಆದರೆ ಹೊರಗಿನ ಕವಚದ ಎರಡು ಹೋಳುಗಳ ಜೋಡಣೆ ಬಿಟ್ಟುಕೊಂಡಿತ್ತು. ಸರ್ ಅದಕ್ಕೆ ಅಂಟು ಹಚ್ಚಿದ್ದರು. ಸದ್ದು ಗಾಡಿಯಲ್ಲಿ ಕೊಂಡದ್ದರ ದೊಡ್ಡಣ್ಣನಂತಿತ್ತು, ಬೀಸುಕಲ್ಲು ಸೇತುವೆಯ ಮೇಲೆ ಹೋಗುವ ಲಾರಿಯಾಯಿತು. ಎರಡನೆಯದಕ್ಕೆ ವೈರೇ ಇರಲಿಲ್ಲ. ಅದರ ಬಿಳಿ ಡಬ್ಬಿಯ ಮುಚ್ಚಳ ಟಕ್ಕೆಂದು ಮುಚ್ಚುವುದೇ ಒಂದು ಸುಖ. ಕಿವಿಗೆ ಹಗುರ. ಆದರೆ ಅದು ಎಲ್ಲವನ್ನೂ ಇಸ್ತ್ರಿ ಮಾಡಿಬಿಡುತ್ತಿತ್ತು. ಅತ್ತೆಗೆ ಕೊನೆಯ ವರ್ಷಗಳಲ್ಲಿ ಉಬ್ಬಸವಿತ್ತು. ಅದರಲ್ಲಿ ಕೇಳಿದರೆ ಅವಳಿಗೆ ಉಸಿರೇ ಇಲ್ಲವೇನೋ ಅನ್ನಿಸುತ್ತಿತ್ತು. ಒಂದು ದಿನ ಎಡಗಡೆಯದು ಬಸ್ಸಿನಲ್ಲಿ ಜಾರಿ ಸೀಟಿನ ಕೆಳಗೆ ಹೋಯಿತು, ಹುಡುಕಿ ಕೊಡುವಷ್ಟರಲ್ಲಿ ಕಂಡಕ್ಟರಿಗೂ ನನಗೂ ಸಾಕಾಯಿತು. ಮೂರನೆಯದು ಪಾರದರ್ಶಕ ಕವಚದ್ದು, ವೈರು ಕಿವಿಯ ಮೇಲಿಂದ ಸುತ್ತಿ ಬರುತ್ತಿತ್ತು. ಅದರಲ್ಲಿ ಅತ್ತೆಯ ‘ಸ’ಗಳೆಲ್ಲ ನೆತ್ತಿಯವರೆಗೆ ಚುಚ್ಚಿದವು. ಅರ್ಧ ಗಂಟೆ ಕೇಳಿದರೆ ತಲೆನೋವು.

ನಾಲ್ಕನೆಯದು ಲೋಹದ್ದು. ಹಿತ್ತಾಳೆಯ ಬಣ್ಣ, ಸಣ್ಣ ಗುಂಡಿನಷ್ಟು ಭಾರ. ಬೆಳಿಗ್ಗೆ ಕಿವಿಗಿಟ್ಟರೆ ತಣ್ಣಗೆ ಜುಂ ಎನ್ನುತ್ತಿತ್ತು. ವೈರಿಗೆ ಜಡೆಯಂತೆ ನೂಲು ಹೆಣೆದಿದ್ದರು, ಅದು ಸೀರೆಗೆ ಉಜ್ಜಿದಾಗೆಲ್ಲ ಕಿವಿಯಲ್ಲಿ ಕರಕರ. ಆದರೆ ಅಲ್ಲಾಡದೆ ಕೂತರೆ ಆ ಇಯರ್‌ಫೋನೇ ಇಲ್ಲವಾಗುತ್ತಿತ್ತು. ಯಾವುದೂ ಮುಂದೆ ನುಗ್ಗಲಿಲ್ಲ, ಯಾವುದೂ ಹಿಂದೆ ಸರಿಯಲಿಲ್ಲ. ಕಲ್ಲು ಇದ್ದ ಜಾಗದಲ್ಲಿ ಕಲ್ಲು, ಬಳೆ ಇದ್ದಲ್ಲಿ ಬಳೆ, ದನಿ ಇದ್ದಲ್ಲಿ ದನಿ. ಕಣ್ಣು ಮುಚ್ಚಿದರೆ ಮಣ್ಣೂರಿನ ಅಂಗಳ.

ಹೀಗಾದ ಮೇಲೆ ನನಗೆ ಕೇಳಬಾರದ್ದೆಲ್ಲ ಕೇಳಲು ಶುರುವಾಯಿತು. ಹಾಡಿನ ನಡುವೆ ಸರಕ್ ಸರಕ್ ಎಂಬ ಸಣ್ಣ ಸದ್ದೊಂದು ಬರುತ್ತಿತ್ತು. ಹಲ್ಲಿಯಿರಬಹುದು, ಗಾಳಿಯಿರಬಹುದು ಎಂದುಕೊಂಡೆ. ಎರಡು ದಿನ ಕೇಳಿದ ಮೇಲೆ ಗೊತ್ತಾಯಿತು, ಅದು ನಾನು ಪೇಪರು ಮಗುಚುತ್ತಿದ್ದ ಸದ್ದು. ಅತ್ತೆ ಒಂದು ಹಾಡು ಮುಗಿಸಿ ಏನೋ ಕೇಳುತ್ತಾಳೆ, ನಾನು ತಲೆಯೆತ್ತದೆ ಹೂಂ ಎನ್ನುತ್ತೇನೆ. ಪೆನ್ನು ಗೀಚುವುದೂ ಕೇಳುತ್ತದೆ. ಅಷ್ಟು ದಿನ ನನ್ನ ನೆನಪಿನಲ್ಲಿ ನಾನು ಅವಳ ಮುಂದೆ ಕೂತು ಹಾಡು ಕೇಳಿದ್ದೆ.

ಅದೇ ವಾರದ ಶುಕ್ರವಾರ ಎರಡನೇ ದನಿ ಕೇಳಿತು.

ಶಾಲೆ ಬಿಟ್ಟು ಬಸ್ಸು ಕಾಯುತ್ತ ನಿಂತಿದ್ದೆ. ಮೂರನೇ ಹಾಡಿನ ನಡುವೆ ಅತ್ತೆ ಕಲ್ಲು ನಿಲ್ಲಿಸಿ ಕಾಳು ಹಾಕುತ್ತಾಳೆ. ಆಗ ಹಾಡೂ ಅರ್ಧ ಸಾಲಿಗೆ ನಿಲ್ಲುತ್ತದೆ, ಉಸಿರು ತೆಗೆದುಕೊಳ್ಳುತ್ತಾಳೆ. ಆ ಖಾಲಿ ಜಾಗದಲ್ಲಿ, ಬಹಳ ಕೆಳಗೆ, ಹೆಂಗಸಿನ ದನಿಯೊಂದು ಸಾಲಿನ ಉಳಿದರ್ಧವನ್ನು ಹಾಡಿತು. ನಾನು ಇಯರ್‌ಫೋನ್ ತೆಗೆದು ಹಿಂದೆ ನೋಡಿದೆ. ಬಸ್‌ಸ್ಟಾಪಿನಲ್ಲಿ ನಾನೊಬ್ಬಳೇ ಇದ್ದೆ. ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಮತ್ತೆ ಅದೇ ಜಾಗದಲ್ಲಿ ಅದೇ ದನಿ. ಬಸ್ಸು ಬಂದು ನಿಂತು ಹೋದದ್ದು ನನಗೆ ತಿಳಿಯಲಿಲ್ಲ.

ಮರುದಿನ ಗಣಿತದ ಸರ್‌ಗೆ ಕೇಳಿಸಿದೆ. ಅವರು ಕಣ್ಣು ಮುಚ್ಚಿ ನಾಲ್ಕು ಸಲ ಕೇಳಿ, ಅದು ಪ್ರತಿಧ್ವನಿ ಇರಬೇಕು ಎಂದರು. ನಾನು ವರ್ಷಕ್ಕೊಮ್ಮೆ ಪ್ರತಿಧ್ವನಿಯ ಪಾಠ ಮಾಡುವವಳು. ಪ್ರತಿಧ್ವನಿ ಹಾಡಿದ್ದನ್ನೇ ಹಿಂದಿರುಗಿಸುತ್ತದೆ, ಹಾಡದೆ ಬಿಟ್ಟದ್ದನ್ನು ಹಾಡಿ ಮುಗಿಸುವುದಿಲ್ಲ. ಅದೂ ಅಲ್ಲದೆ ಆ ದನಿ ಉಸಿರು ತೆಗೆದುಕೊಳ್ಳುವ ಜಾಗವೇ ಬೇರೆ. ಹಳೆಯ ಮೂರೂ ಇಯರ್‌ಫೋನುಗಳಲ್ಲಿ ಮತ್ತೆ ಕೇಳಿ ನೋಡಿದೆ. ಕರಿಯದರಲ್ಲಿ ಎಲ್ಲಿದೆ ಎಂದು ಗೊತ್ತಿದ್ದೂ ಸಿಗಲಿಲ್ಲ. ಬಿಳಿಯದರಲ್ಲಿ ನೆರಳಿನಷ್ಟು. ಚುಚ್ಚುವುದರಲ್ಲಿ ಬಳೆಯ ಸದ್ದಿನ ಹಿಂದೆ ತುಂಡು ತುಂಡು. ಲೋಹದ್ದರಲ್ಲಿ ಮಾತ್ರ ಪೂರ್ತಿ. ಹುಡುಕುತ್ತ ಹೋದರೆ ಐದು ಕಡೆ ಸಿಕ್ಕಿತು.

ಮನೆಯಲ್ಲಿ ಅವತ್ತು ನಮ್ಮಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ. ಅದು ನನಗೆ ಖಂಡಿತ ಗೊತ್ತಿತ್ತು.

ಮುಂದಿನದನ್ನು ಬರೆಯಲು ವಿಜ್ಞಾನದ ಟೀಚರಾದ ನನಗೆ ನಾಚಿಕೆಯಾಗುತ್ತದೆ. ಅದು ನಮ್ಮವ್ವನ ದನಿ ಎಂದು ನಾನು ನಂಬಿದೆ. ಅವ್ವನ ಒಂದು ಫೋಟೋ ಇದೆ, ದನಿ ಎಲ್ಲೂ ಇಲ್ಲ. ನನಗೆ ನೆನಪೂ ಇಲ್ಲ. ಆದರೆ ಅತ್ತೆ ನಾನು ಚಿಕ್ಕವಳಿದ್ದಾಗ ಮತ್ತೆ ಮತ್ತೆ ಹೇಳುತ್ತಿದ್ದಳು, ನಿಮ್ಮವ್ವ ಹಾಡಿದರೆ ನೀನು ತೊಟ್ಟಿಲಲ್ಲಿ ಕಣ್ಣು ಮುಚ್ಚುತ್ತಿದ್ದೆ, ನಾವಿಬ್ಬರೂ ಈ ಕಲ್ಲಿನ ಆಚೆ ಈಚೆ ಕೂತು ಬೀಸುತ್ತಿದ್ದೆವು ಎಂದು. ಅತ್ತೆ ಬಿಟ್ಟ ಸಾಲನ್ನು ಎತ್ತಿಕೊಳ್ಳುವವಳು ಇನ್ನು ಯಾರಿದ್ದಾಳು? ಗಂಡನಿಗೆ ಒಮ್ಮೆ ಕೇಳಿಸಿದೆ. ಯಾವುದೋ ಹಕ್ಕಿ ಎಂದು ಇಯರ್‌ಫೋನ್ ವಾಪಸು ಕೊಟ್ಟರು. ಅವರ ಮೇಲೆ ಎರಡು ದಿನ ಸಿಟ್ಟಾಗಿದ್ದೆ.

ಸರ್ ಅವರ ಲೋಹದ್ದನ್ನು ಅವರಿಗೆ ಹಿಂದಿರುಗಿಸಿ ಅಂಥದ್ದೇ ಇನ್ನೊಂದನ್ನು ಕಲಬುರಗಿಯಿಂದ ತರಿಸಿಕೊಂಡೆ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಮಧ್ಯಾಹ್ನದ ಬಿಸಿಯೂಟದ ಹೊತ್ತಿನಲ್ಲಿ ಲ್ಯಾಬಿನ ಬಾಗಿಲು ಹಾಕಿಕೊಂಡು, ಆ ಐದು ಜಾಗಗಳನ್ನೇ ಕೇಳಿದೆ. ಆ ದನಿ ನನ್ನನ್ನು ಕರೆಯುತ್ತದೆಯೋ ಎಂದು ಕಾದೆ. ಕರೆಯಲಿಲ್ಲ. ತರಗತಿಯಲ್ಲಿ ಮಕ್ಕಳು ಸುಮ್ಮನಾದಾಗ ಅವರ ಮೌನದ ಹಿಂದೆಯೂ ಏನೋ ಇದೆ ಅನ್ನಿಸಿ ಮಾತು ನಿಲ್ಲಿಸುತ್ತಿದ್ದೆ. ಒಬ್ಬ ಹುಡುಗಿ ನನ್ನ ಮೈಗೆ ಹುಷಾರಿಲ್ಲವೇ ಎಂದು ಕೇಳಿದಳು.

ಚಳಿಗಾಲದಲ್ಲಿ ತೊಗರಿ ರಾಶಿಗೆಂದು ಕಿಣ್ಣಿ ಸುಲ್ತಾನಕ್ಕೆ ಹೋದೆವು. ಒಂದು ಮಧ್ಯಾಹ್ನ ಹೊಲದಿಂದ ಬಂದು ತಲೆ ಭಾರವಾಗಿ ಒಳಕೋಣೆಯಲ್ಲಿ ಮಲಗಿದ್ದೆ. ಗೋಡೆಯಾಚೆಯ ಮನೆಯಲ್ಲಿ ಇಬ್ಬರು ಹೆಂಗಸರು ಮಾತಾಡುತ್ತಿದ್ದರು. ದನಿಯ ಏರಿಳಿತ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಅಭ್ಯಾಸಬಲದಿಂದ ನಾನು ‘ಸ’, ‘ಚ’ಗಳನ್ನು ಹುಡುಕಿದೆ. ಒಂದೂ ಇರಲಿಲ್ಲ. ಗೋಡೆ ಅವನ್ನೆಲ್ಲ ತಿಂದು ತಗ್ಗಿನ ದನಿಯನ್ನಷ್ಟೇ ಈಚೆಗೆ ಬಿಟ್ಟಿತ್ತು. ಎದ್ದು ಕೂತೆ. ಚೀಲದಿಂದ ಇಯರ್‌ಫೋನ್ ತೆಗೆದು ಆ ಐದು ಜಾಗಗಳನ್ನು ಕೇಳಿದೆ. ಎರಡನೇ ದನಿಗೂ ‘ಸ’ ಇರಲಿಲ್ಲ, ‘ಚ’ ಇರಲಿಲ್ಲ. ಅತ್ತೆಯ ದನಿಗೆ ಎಲ್ಲವೂ ಇದ್ದವು.

ಅದು ಸತ್ತವರ ಲೋಕದಿಂದ ಬಂದದ್ದಲ್ಲ, ಗೋಡೆಯಾಚೆಯಿಂದ ಬಂದದ್ದು.

ಮಣ್ಣೂರಿನಲ್ಲಿ ಬೀಸುಕಲ್ಲಿನ ಹಿಂದಿನ ಗೋಡೆಯ ಆಚೆಗಿರುವ ಮನೆ ದೊಡ್ಡವ್ವನದು. ನೆಂಟರೇನಲ್ಲ, ಅತ್ತೆಗಿಂತ ಎರಡು ವರ್ಷ ದೊಡ್ಡವಳು, ನಾವು ಹಾಗೆ ಕರೆಯುತ್ತಿದ್ದೆವು. ನಾನು ಚಿಕ್ಕವಳಿದ್ದಾಗ ಎರಡೂ ಮನೆಗಳ ನಡುವೆ ಒಂದು ಸಣ್ಣ ಬಾಗಿಲಿತ್ತು. ದೊಡ್ಡವ್ವ ಮತ್ತು ಅತ್ತೆ ಸೇರಿ ಬೀಸುತ್ತಿದ್ದರು, ಊರಿನ ಮದುವೆಗಳಲ್ಲಿ ಜೋಡಿಯಾಗಿ ಹಾಡುತ್ತಿದ್ದರು. ನನಗೆ ಹತ್ತು ವರ್ಷವಾಗಿದ್ದಾಗ ದೊಡ್ಡವ್ವನ ಮಗಳ ಮದುವೆಯಾಯಿತು. ಮದುಮಕ್ಕಳನ್ನು ಕೂರಿಸಿ ನೀರೆರೆಯುವ ಸುರಗಿಯ ಹೊತ್ತಿಗೆ ಅತ್ತೆ ಹಾಡಲು ಮುಂದೆ ಬಂದಳು. ಗಂಡಿನ ಕಡೆಯ ಹೆಂಗಸೊಬ್ಬಳು, ಗಂಡ ಸತ್ತವಳು ಇಲ್ಲಿ ಯಾಕೆ ಎಂದಳು. ಬಸವಣ್ಣನ ಫೋಟೋದ ಕೆಳಗೇ ಹಾಗೆಂದಳು. ಎಲ್ಲರೂ ದೊಡ್ಡವ್ವನ ಮುಖ ನೋಡಿದರು. ದೊಡ್ಡವ್ವ ಒಂದು ಮಾತೂ ಆಡಲಿಲ್ಲ. ನಾನು ಅತ್ತೆಯ ಸೆರಗು ಹಿಡಿದು ನಿಂತಿದ್ದೆ. ಅತ್ತೆ ನನ್ನ ಕೈ ಹಿಡಿದುಕೊಂಡು ಮನೆಗೆ ಬಂದಳು. ಆ ವಾರವೇ ನಮ್ಮ ಮನೆಯಲ್ಲಿ ನಡುವಿನ ಬಾಗಿಲಿಗೆ ಒಂದೇ ಸಾಲು ಇಟ್ಟಂಗಿ ಇಟ್ಟು ಮುಚ್ಚಿಸಿ ಈಚೆ ಕಡೆ ಗೂಡು ಮಾಡಿಸಿದರು. ನಾನು ಫೋನ್ ಇಟ್ಟಿದ್ದು ಅದೇ ಗೂಡಿನಲ್ಲಿ. ಅಂದಿನಿಂದ ಅತ್ತೆ ಸಾಯುವವರೆಗೆ ಇಬ್ಬರೂ ಓಣಿಯಲ್ಲಿ ಎದುರಾದರೂ ಮಾತಾಡಲಿಲ್ಲ. ಮಣ್ಣಿಗೂ ದೊಡ್ಡವ್ವ ಬರಲಿಲ್ಲ.

ಮುಂದಿನ ಭಾನುವಾರ ಅಫಜಲಪುರದ ಮೇಲಿಂದ ಮಣ್ಣೂರಿಗೆ ಹೋದೆ. ಅಣ್ಣನ ಮನೆಗೆ ಹೋಗದೆ ನೇರ ಪಕ್ಕದ ಮನೆಯ ಬಾಗಿಲಿಗೆ ನಿಂತೆ. ಆ ಹೊಸ್ತಿಲು ದಾಟಿ ಮೂವತ್ತು ವರ್ಷದ ಮೇಲಾಗಿತ್ತು. ದೊಡ್ಡವ್ವ ಪಡಸಾಲೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಳು. ನನ್ನ ಗುರುತು ತಕ್ಷಣ ಹಿಡಿದಳು. ಕೂಡು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ನಾನೇ ಕೂತೆ. ಅತ್ತೆಯ ಹಾಡು ಫೋನಿನಲ್ಲಿದೆ, ಕೇಳುತ್ತೀಯಾ ಎಂದು ಕೇಳಿದೆ. ಅವಳ ಕೈ ಬೆಳ್ಳುಳ್ಳಿಯ ಮೇಲೇ ನಿಂತಿತು.

ಲೋಹದ ಗುಂಡು ಅವಳ ಕಿವಿಗೆ ದೊಡ್ಡದಾಯಿತು. ಚೀಲದಲ್ಲಿದ್ದ ಸಣ್ಣ ಅಳತೆಯ ರಬ್ಬರು ಬದಲಿಸಿ, ವಾಲೆಯ ಭಾರಕ್ಕೆ ಜೋತುಬಿದ್ದ ಹಾಲೆಯನ್ನು ಎತ್ತಿ ಹಿಡಿದು ನಾನೇ ಕೂರಿಸಿದೆ. ಮೂರನೇ ಹಾಡಿನಿಂದ ಹಾಕಿದೆ. ಅತ್ತೆಯ ದನಿ ಬಂದ ಕೂಡಲೇ ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. ಕಾಳು ಹಾಕುವ ಜಾಗ ಬಂದದ್ದು ನನಗೆ ಅವಳ ಮುಖ ನೋಡಿಯೇ ಗೊತ್ತಾಯಿತು. ಬಹಳ ಹೊತ್ತಿನ ಮೇಲೆ ಇಯರ್‌ಫೋನ್ ತಾನೇ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

“ಇದು ನಾನ,” ಎಂದಳು.

ಆಮೇಲೆ ಅವಳು ನಿಧಾನವಾಗಿ ಹೇಳಿದ್ದು ಇಷ್ಟು. ಬಾಗಿಲು ಮುಚ್ಚಿಸಿದ ವರ್ಷದ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಅತ್ತೆ ಬೀಸುತ್ತ ಹಾಡುವುದು ಇಟ್ಟಂಗಿಯ ಆಚೆಯಿಂದ ಕೇಳಿತು. ಅತ್ತೆ ಒಂದು ಸಾಲನ್ನು ಅರ್ಧಕ್ಕೆ ಬಿಟ್ಟಳು. ಇಬ್ಬರೂ ಸೇರಿ ಹಾಡುವಾಗ ಆ ಅರ್ಧ ಯಾವಾಗಲೂ ದೊಡ್ಡವ್ವನದು. ಅವಳಿಗೆ ತಡೆಯಲಾಗದೆ ಹಾಡಿದಳು. ಆಚೆ ಕಲ್ಲು ಸ್ವಲ್ಪ ಹೊತ್ತು ನಿಂತು ಮತ್ತೆ ತಿರುಗಿತು. ಮರುದಿನವೂ ಅದೇ ಹೊತ್ತಿಗೆ ಕಲ್ಲಿನ ಸದ್ದು ಬಂತು. ಗೋಡೆಯ ಪಕ್ಕ ಕೂತವರಿಗಷ್ಟೇ ಕೇಳುವ ತಗ್ಗಿದ ದನಿಯಲ್ಲಿ ಹೀಗೆ ಅಷ್ಟೂ ವರ್ಷ ನಡೆಯಿತು. ಗಿರಣಿ ಬಂದ ಮೇಲೂ ಹಿಡಿ ಜೋಳದ ಆ ಬೀಸುವಿಕೆ ಯಾಕೆ ನಿಲ್ಲಲಿಲ್ಲ ಎಂಬುದು ನನಗೆ ಆಗ ಗೊತ್ತಾಯಿತು.

“ಮಾತಾಡಬೇಕಂತ ಒಂದಿನಾನೂ ಅನ್ನಿಸ್ಲಿಲ್ಲೇನು ದೊಡ್ಡವ್ವ?” ಎಂದೆ.

“ದಿನಾ ಅನ್ನಿಸ್ತಿತ್ತು. ಮಾತಾಡಿದ್ರ ಆ ಮದುವಿ ಮಾತು ಬರ್ತಿತ್ತವ್ವ. ಹಾಡಿನ್ಯಾಗ ಅದು ಬರ್ತಿರಲಿಲ್ಲ.” ಬೆಳ್ಳುಳ್ಳಿಯ ಸಿಪ್ಪೆ ಒಟ್ಟುಮಾಡುತ್ತ, “ಆಕಿ ನನ್ನ ಹೆಸರ ಎಂದಾದ್ರೂ ತಗದಿದ್ದಳೇನು?” ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ಇಲ್ಲ ಎಂದೆ. ಅವಳು ತಲೆಯಾಡಿಸಿದಳು, ಅದು ತನಗೆ ಮೊದಲೇ ಗೊತ್ತಿತ್ತು ಎನ್ನುವ ಹಾಗೆ. ಮಣ್ಣಿನ ದಿನ ತಾನು ಒಳಗೇ ಬಾಗಿಲು ಹಾಕಿಕೊಂಡು ಕೂತಿದ್ದೆ ಎಂದಳು. ಈಗಲೂ ಮಧ್ಯಾಹ್ನವಾದರೆ ಕೆಲಸ ಬಿಟ್ಟು ಆ ಗೋಡೆಯ ಬಳಿ ಹೋಗಿ ನಿಲ್ಲುತ್ತಾಳಂತೆ. ಕಲ್ಲು ತಿರುಗಿದ ಸದ್ದು ಕೇಳಿದಂತಾಗುತ್ತದಂತೆ. ಅದು ತನ್ನ ಕಿವಿಯ ದೋಷವೋ ಬೇರೇನೋ ಎಂದು ನನ್ನನ್ನು ಕೇಳಿದಳು. 

ಹೊರಡುವ ಮೊದಲು ನಾನು ಬಂದ ಇನ್ನೊಂದು ಕಾರಣವನ್ನೂ ಹೇಳಿದೆ. ಈ ದನಿ ನಮ್ಮವ್ವನದಿರಬಹುದು ಎಂದುಕೊಂಡಿದ್ದೆ, ಅವ್ವನೂ ಹೀಗೇ ಹಾಡುತ್ತಿದ್ದಳಲ್ಲವೇ ಎಂದೆ. ದೊಡ್ಡವ್ವ ನನ್ನ ಮುಖವನ್ನೇ ನೋಡಿದಳು.

“ನಿಮ್ಮವ್ವ ಎಲ್ಲಿ ಹಾಡ್ತಿದ್ದಳು? ಆಕಿಗಿ ರಾಗನ ಬರ್ತಿರಲಿಲ್ಲ. ನಾವು ಹಾಡಾಕತ್ತಿದ್ರ ಬಾಯಿಗಿ ಸೆರಗು ಹಿಡ್ಕೊಂಡು ನಗ್ತಿದ್ದಳು. ತೊಟ್ಟಲದಾಗ ನಿನಗ ಹಾಡ್ತಿದ್ದಾಕಿ ನಿಮ್ಮತ್ತಿ.”

 ಇಲ್ಲದ ಹಾಡೊಂದನ್ನು ಅತ್ತೆ ನನ್ನ ಅವ್ವನ ಬಾಯಿಗೆ ಕೊಟ್ಟಿದ್ದಳು. ತಾಯಿಯಿಲ್ಲದ ಮಗುವಿಗೆ ತಾಯಿಯದೆಂದು ಕೈಗಿಡಲು ಅವಳ ಬಳಿ ಇನ್ನೇನೂ ಇರಲಿಲ್ಲವೇನೋ. ನಲವತ್ತು ದಾಟಿದ ಮೇಲೆ ಆ ಮಧ್ಯಾಹ್ನ ಅವ್ವನ ದನಿಯನ್ನು ನಾನು ಎರಡನೇ ಸಲ ಕಳೆದುಕೊಂಡೆ. ಅದರ ಬದಲಿಗೆ ಸೆರಗು ಬಾಯಿಗೆ ಹಿಡಿದು ನಗುವ ಒಬ್ಬ ಹೆಂಗಸು ಸಿಕ್ಕಳು. ಅವಳನ್ನು ನಾನು ಇನ್ನೂ ಪರಿಚಯ ಮಾಡಿಕೊಳ್ಳುತ್ತಿದ್ದೇನೆ.

ಇಯರ್‌ಫೋನನ್ನೂ, ಹಾಡು ಹಾಕಿದ ಒಂದು ಹಳೆಯ ಫೋನನ್ನೂ ದೊಡ್ಡವ್ವನಿಗೆ ಕೊಟ್ಟು ಹೋಗುತ್ತೇನೆ ಎಂದೆ. ಅವಳು ಒಪ್ಪಲಿಲ್ಲ.

“ಬ್ಯಾಡ ತಂಗಿ. ಕಿವಿಯಾಗ ಹೊಕ್ಕು ಹಾಡಿದ್ರ ಅದು ಆಕಿ ಅನ್ನಿಸಲ್ಲ. ಆ ಬಾಗಲಾ ಮುಚ್ಚಿದ ಮ್ಯಾಲ ಇಷ್ಟು ಹತ್ರ ಆಕಿ ನನಗ ಎಂದೂ ಬಂದಿಲ್ಲ. ಗ್ವಾಡಿ ಆಚಿಂದ ಬಂದ್ರ ಕೇಳ್ತೇನಿ.”

ಅಣ್ಣನ ಮನೆಗೆ ಹೋಗಿ ಅತ್ತಿಗೆಗೆ ಎಲ್ಲವನ್ನೂ ಹೇಳಿದೆ. ಅತ್ತಿಗೆ ಒಳ್ಳೆಯವಳು, ಒಪ್ಪಿಕೊಂಡಳು. ಹಳೆಯ ಫೋನಿಗೆ ಸಣ್ಣ ಸ್ಪೀಕರೊಂದನ್ನು ಜೋಡಿಸಿ ಆ ಗೂಡಿನಲ್ಲಿಟ್ಟು ದಿನಾ ಮಧ್ಯಾಹ್ನ ಹಚ್ಚಲು ಶುರುಮಾಡಿದಳು. ಗೂಡಿನ ಬಳಿ ನಿಂತರೆ ಆಚೆಯಿಂದ ದೊಡ್ಡವ್ವನ ದನಿಯೂ ಬರುತ್ತದೆ ಎಂದು ಮೊದಲ ವಾರ ಫೋನಿನಲ್ಲಿ ಸಂತೋಷದಿಂದ ಹೇಳಿದಳು. ಒಂದು ತಿಂಗಳು ಕಳೆಯುವಷ್ಟರಲ್ಲಿ ನಿಲ್ಲಿಸಿದಳು. ಕೇಳಿದ್ದಕ್ಕೆ ತಪ್ಪು ತಿಳಿಯಬೇಡ ಎಂದು, ಅಣ್ಣನೂ ಮಕ್ಕಳೂ ಹೊರಗೆ ಹೋದ ಮೇಲೆ ಆ ಅಂಗಳದಲ್ಲಿ ತಾನೊಬ್ಬಳೇ ಇರಬೇಕು, ಸತ್ತವಳು ಹಾಡುವುದೂ ಬದುಕಿದ್ದವಳು ಅವಳಿಗೆ ಉತ್ತರ ಕೊಡುವುದೂ ಕೇಳಿ ಹೆದರಿಕೆಯಾಗುತ್ತದೆ ಎಂದಳು.  ಅವಳ ಜಾಗದಲ್ಲಿ ನಾನಿದ್ದರೂ ಅಷ್ಟು ದಿನ ತಡೆಯುತ್ತಿರಲಿಲ್ಲ.

ಯಾಕೆ ನಿಂತಿತು ಎಂದು ದೊಡ್ಡವ್ವ ಕೇಳಲಿಲ್ಲ. ಯುಗಾದಿಯ ಮುಂಚೆ ಅವಳ ಮಗಳು ಬಂದು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದಳು. ಆವತ್ತು ಮದುವೆಯಾದ ಅದೇ ಮಗಳು, ಈಗ ಅವಳಿಗೂ ಮೊಮ್ಮಕ್ಕಳಿದ್ದಾರೆ.

ಗಣಿತದ ಸರ್ ಈಗ ಹೊಸತೊಂದನ್ನು ತರಿಸಿದ್ದಾರೆ. ನನ್ನದಕ್ಕಿಂತ ಚೆನ್ನಾಗಿದೆ, ವೈರು ಉಜ್ಜಿದರೂ ಸದ್ದು ಬರುವುದಿಲ್ಲ. ಕೇಳಿ ನೋಡಿ ಎಂದು ಪೆಟ್ಟಿಗೆಯನ್ನು ಕೈಗಿತ್ತರು. ಆ ರೆಕಾರ್ಡಿಂಗಿನಲ್ಲಿ ನಾನು ಕೇಳದೆ ಬಿಟ್ಟ ಒಂದು ಜಾಗವಿತ್ತು, ಅದರ ಕೊನೆ. ಅಲ್ಲಿ ನನ್ನ ದನಿಯೇ ಜೋರಾಗಿ ಬರುತ್ತದೆ ಎಂದು ಪ್ರತಿ ಸಲ ಮೊದಲೇ ನಿಲ್ಲಿಸುತ್ತಿದ್ದೆ. ಅವತ್ತು ಖಾಲಿ ತರಗತಿಯಲ್ಲಿ ಹಿಂದಿನ ಬೆಂಚಿನ ಮೇಲೆ ಕೂತು ಕೇಳಿದೆ. ಅತ್ತೆ ಹೊಸ ಹಾಡೊಂದನ್ನು ಎತ್ತಿಕೊಳ್ಳುತ್ತಾಳೆ. ಮೊದಲ ಸಾಲು ಮುಗಿಯುವ ಮೊದಲೇ ನಾನು, “ಸಾಕತ್ತಿ, ನನಗ ಬಸ್ಸಿಗಿ ಹೊತ್ತಾತು,” ಎನ್ನುತ್ತೇನೆ. ಅತ್ತೆ ಹಾಡು ನಿಲ್ಲಿಸುತ್ತಾಳೆ. ಕಲ್ಲೂ ನಿಲ್ಲುತ್ತದೆ. ನನ್ನ ಚಪ್ಪಲಿಯ ಸದ್ದು ಗೂಡಿನ ಕಡೆಗೆ ಬರುತ್ತದೆ. ಅಷ್ಟರಲ್ಲಿ ಗೋಡೆಯಾಚೆಯ ದನಿ, ಈಚೆ ಹಾಡು ನಿಂತದ್ದು ತಿಳಿಯದೆ, ತನ್ನ ಪಾಲಿನ ಅರ್ಧ ಸಾಲನ್ನು ಎತ್ತಿಕೊಳ್ಳುತ್ತದೆ. ಅತ್ತೆಯ ಉಬ್ಬಸ ಕೇಳುವುದಿಲ್ಲ, ಉಸಿರು ಹಿಡಿದು ಅದನ್ನು ಕೇಳುತ್ತಿದ್ದಾಳೆ. ಆ ಸಾಲು ಮುಗಿಯುವ ಮೊದಲು ನನ್ನ ಬೆರಳು ಫೋನಿನ ಮೇಲೆ ಬೀಳುತ್ತದೆ, ರೆಕಾರ್ಡಿಂಗ್ ಅಲ್ಲಿಗೆ ನಿಲ್ಲುತ್ತದೆ.

ಪೆಟ್ಟಿಗೆಯನ್ನು ಸರ್‌ಗೆ ವಾಪಸು ಕೊಟ್ಟೆ. ಹೇಗಿದೆ ಎಂದು ಕೇಳಿದರು. ಬಹಳ ಸ್ಪಷ್ಟವಾಗಿದೆ ಎಂದೆ.